ತಿಕ್ಕಿದರೆ ಹೋಗುವ ಕಪ್ಪಲ್ಲ ಅದು

(ಬಳ್ಳಾರಿಯ ಒಂದು ಕಾಲೇಜಿನಲ್ಲಿ ಮಾರ್ಚ್ ಕೊನೆಯ ವಾರ ಹೆಣ್ಣುಮಕ್ಕಳಿಗಾಗಿ, ಮುಖ ಮೈ ತಿಕ್ಕುವ, ಸ್ಕ್ರಬ್ ಮಾಡುವ ಅಭ್ಯಾಸದ ಬಗ್ಗೆ ಮಾತಾಡಿದ್ದರ ಬರಹ ರೂಪ ಇದು. ಅಲ್ಲಿ ಅವಸರದಲ್ಲಿ ಬಿಟ್ಟಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆದಿದ್ದೇನೆ. ಸಭೆಯಲ್ಲಿ ಕೇಳಿದ ಪ್ರಶ್ನೆಗಳನ್ನೂ ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೋದ ತಿಂಗಳು ಒಬ್ಬ ತಾಯಿ ತಮ್ಮ 13 ವರ್ಷದ ಮಗಳನ್ನು ನನ್ನ ಕ್ಲಿನಿಕ್ಕಿಗೆ ಕರೆದುಕೊಂಡು ಬಂದಿದ್ದರು. ಹುಡುಗಿ ಕುರ್ಚಿಯಲ್ಲಿ ಕೂತ ಮೇಲೂ ಕತ್ತಿಗೆ ಸುತ್ತಿದ್ದ ವೇಲ್ ತೆಗೆಯಲಿಲ್ಲ. ಅಮ್ಮನೇ ತೆಗೆದು, ಜಡೆ ಮೇಲೆತ್ತಿ ತೋರಿಸಿದರು. ಕತ್ತಿನ ಹಿಂದೆ ಎರಡು ಬೆರಳಗಲ ಕಪ್ಪು ಪಟ್ಟಿ. ಮುಟ್ಟಿದರೆ ಮಖಮಲ್ ಬಟ್ಟೆಯ ಹಾಗೆ ದಪ್ಪ, ಮೆತ್ತಗೆ. ಅದರ ಮೇಲೆ ಅಡ್ಡಡ್ಡ ಗೀರು, ಎರಡು ಕಡೆ ಒಣಗಿದ ಹಕ್ಕಳೆ. "ತಲೆಗೆ ನೀರು ಹಾಕೋವಾಗ ನಾನೇ ಮೈ ತಿಕ್ಕೋ ನೈಲಾನ್ ಜಾಲರಿ ಹಿಡಿದು ತಿಕ್ತೀನಿ ಮೇಡಂ. ಎಷ್ಟು ತಿಕ್ಕಿದ್ರೂ ಈ ಕೊಳೆ ಹೋಗವಲ್ದು ನೋಡ್ರಿ," ಅಂದರು. ಹುಡುಗಿ ತಲೆ ಎತ್ತಲೇ ಇಲ್ಲ.

ಅದು ಕೊಳೆ ಆಗಿರಲಿಲ್ಲ. ಅದಕ್ಕೆ ವೈದ್ಯರು ಅಕಾಂಥೋಸಿಸ್ ನೈಗ್ರಿಕನ್ಸ್ ಅನ್ನುತ್ತಾರೆ. ಮೈಯಲ್ಲಿ ಇನ್ಸುಲಿನ್ ಮಟ್ಟ ಜಾಸ್ತಿ ಇದ್ದಾಗ ಅದು ಚರ್ಮದ ಕಣಗಳನ್ನು ಬೆಳೆಯಿರಿ ಬೆಳೆಯಿರಿ ಅಂತ ಒತ್ತಾಯ ಮಾಡುತ್ತದೆ. ಕತ್ತು, ಕಂಕುಳು, ತೊಡೆಸಂದಿಯಲ್ಲಿ ಚರ್ಮ ದಪ್ಪವಾಗಿ ಕಪ್ಪಾಗುತ್ತದೆ. ಅಂದರೆ ಆ ಹುಡುಗಿಗೆ ಬೇಕಾಗಿದ್ದು ರಕ್ತ ಪರೀಕ್ಷೆ, ಊಟದಲ್ಲಿ ಬದಲಾವಣೆ, ಓಡಾಟ. ಜಾಲರಿಯಿಂದ ಅವಳಿಗೆ ಸಿಕ್ಕಿದ್ದು ಗಾಯ, ಗಾಯದ ಮೇಲೆ ಇನ್ನಷ್ಟು ಕಪ್ಪು, ಜೊತೆಗೆ ನಾನು ಕೊಳಕಿ ಅನ್ನುವ ನಾಚಿಕೆ. ಆ ಗೀರುಗಳಿಗಿಂತ ನನಗೆ ಜಾಸ್ತಿ ನೋವು ಮಾಡಿದ್ದು ಆ ನಾಚಿಕೆ. ತಾಯಿಯ ತಪ್ಪು ಅಂತ ಹೇಳುವುದಕ್ಕೂ ಆಗಲ್ಲ. ಅವರಿಗೂ ಅವರ ಅಮ್ಮ ಹಾಗೇ ತಿಕ್ಕಿ ತಿಕ್ಕಿ ಸ್ನಾನ ಮಾಡಿಸಿರುತ್ತಾರೆ, ಅಲ್ವಾ?

ಹಾಗಾಗಿ ಇವತ್ತು "ವಾರಕ್ಕೆ ಎಷ್ಟು ಸಲ ಸ್ಕ್ರಬ್ ಮಾಡಬೇಕು" ಅನ್ನುವ ಪ್ರಶ್ನೆಗೆ ಬರುವ ಮೊದಲು ಸ್ವಲ್ಪ ಹಿಂದಿನಿಂದ ಶುರು ಮಾಡುತ್ತೇನೆ.

ಚರ್ಮ ತನ್ನ ಸತ್ತ ಪದರವನ್ನು ತಾನೇ ಉದುರಿಸಿಕೊಳ್ಳುತ್ತದೆ. ಹೊರಚರ್ಮದ ಬುಡದಲ್ಲಿ ಹೊಸ ಕಣ ಹುಟ್ಟುತ್ತದೆ, ನಿಧಾನಕ್ಕೆ ಮೇಲೆ ಬರುತ್ತದೆ, ಬರುತ್ತಾ ಬರುತ್ತಾ ಚಪ್ಪಟೆಯಾಗಿ ಸಾಯುತ್ತದೆ, ಕೊನೆಗೆ ಉದುರಿ ಹೋಗುತ್ತದೆ. ಈ ಪ್ರಯಾಣಕ್ಕೆ ವಯಸ್ಸಿನಲ್ಲಿ ಇರುವವರಿಗೆ ಸುಮಾರು ನಾಲ್ಕು ವಾರ ಬೇಕು, ವಯಸ್ಸಾದಂತೆ ಇನ್ನೂ ಜಾಸ್ತಿ. ಮೇಲಿನ ಸತ್ತ ಪದರ ಇದೆಯಲ್ಲ, ಮುಖದಲ್ಲಿ ಅದು ದಿನಪತ್ರಿಕೆಯ ಹಾಳೆಗಿಂತ ತೆಳು. ಅಷ್ಟು ತೆಳು ಇದ್ದರೂ ಒಳಗಿನ ನೀರು ಹೊರಗೆ ಹೋಗದ ಹಾಗೆ, ಹೊರಗಿನ ಧೂಳು ಕ್ರಿಮಿ ಒಳಗೆ ಬಾರದ ಹಾಗೆ ಕಾಯುವುದು ಅದೇ. ಸತ್ತದ್ದು ಅಂದ ಮಾತ್ರಕ್ಕೆ ಕೆಲಸಕ್ಕೆ ಬಾರದ್ದು ಅಂದುಕೊಳ್ಳಬೇಡಿ. ಮನೆಯ ಹೆಂಚಿಗೂ ಜೀವ ಇರಲ್ಲ.

ಸ್ಕ್ರಬ್ ಹಾಕಿ ತಿಕ್ಕುವುದು, ಆಸಿಡ್ ಸೀರಂ ಹಚ್ಚುವುದು, ಕ್ಲಿನಿಕ್ಕಿನಲ್ಲಿ ಜೋರಾದ ಆಸಿಡ್ ಹಚ್ಚಿಸಿ ಪೀಲ್ ಮಾಡಿಸುವುದು, ಇವೆಲ್ಲ ಈ ಉದುರುವ ಕೆಲಸವನ್ನು ಸ್ವಲ್ಪ ಅವಸರ ಮಾಡಿಸುವ ದಾರಿಗಳು. ಕೆಲವರಿಗೆ ಆ ಅವಸರದಿಂದ ಉಪಯೋಗ ಇದೆ. ಎಣ್ಣೆ ಚರ್ಮದವರಿಗೆ ರಂಧ್ರ ಕಟ್ಟಿಕೊಳ್ಳುವುದು ಕಡಿಮೆ ಆಗುತ್ತದೆ, ಹಳೇ ಕಲೆ ಬೇಗ ತಿಳಿಯಾಗಬಹುದು, ಮುಖ ನಯವಾಗಿ ಕಾಣುತ್ತದೆ. ಆದರೆ ಇದು ಹಲ್ಲುಜ್ಜುವ ಹಾಗೆ ಎಲ್ಲರೂ ಮಾಡಲೇಬೇಕಾದ ಕೆಲಸವಲ್ಲ. ಇಷ್ಟು ವರ್ಷದ ಕೆಲಸದಲ್ಲಿ ಸ್ಕ್ರಬ್ ಮಾಡದೇ ಮುಖ ಹಾಳಾಯಿತು ಅಂತ ಬಂದವರನ್ನು ನಾನು ನೋಡಿಲ್ಲ. ಜಾಸ್ತಿ ಮಾಡಿ ಹಾಳು ಮಾಡಿಕೊಂಡವರು ಪ್ರತಿ ವಾರ ಬರುತ್ತಾರೆ.

ಈಗ ಬಣ್ಣದ ವಿಷಯ. ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ, ಯಾಕಂದರೆ ಇವತ್ತಿನ ಎಲ್ಲಾ ಲೆಕ್ಕವೂ ಇದರ ಮೇಲೇ ನಿಂತಿದೆ.

ನಮ್ಮ ಚರ್ಮಕ್ಕೆ ಬಣ್ಣ ಕೊಡುವುದು ಮೆಲನಿನ್. ಅದನ್ನು ತಯಾರಿಸುವ ಕಣಗಳು ಬಿಳಿಯರಿಗೂ ನಮಗೂ ಹೆಚ್ಚುಕಮ್ಮಿ ಅಷ್ಟೇ ಇರುತ್ತವೆ. ವ್ಯತ್ಯಾಸ ಇರುವುದು ಅವು ಮಾಡುವ ಕೆಲಸದಲ್ಲಿ. ನಮ್ಮಲ್ಲಿ ಮೆಲನಿನ್ ತುಂಬಿದ ಪೊಟ್ಟಣಗಳು ದೊಡ್ಡವು, ಒಂದೊಂದಾಗಿ ಹರಡಿಕೊಂಡಿರುತ್ತವೆ, ಕಣದ ಒಳಗಿನ ಡಿಎನ್‌ಎ ಮೇಲೆ ಕೊಡೆ ಹಿಡಿದ ಹಾಗೆ ಕೂತು ಬಿಸಿಲಿನಿಂದ ಕಾಯುತ್ತವೆ. ಈ ಬಿಸಿಲ ನಾಡಲ್ಲಿ ಹುಟ್ಟಿದವರಿಗೆ ಇದಕ್ಕಿಂತ ಒಳ್ಳೆಯ ಆಸ್ತಿ ಇಲ್ಲ. ಆದರೆ ಆ ಕಣಗಳ ಒಂದು ಸ್ವಭಾವ ಏನಂದರೆ, ಬಿಸಿಲು ಬಿದ್ದರೆ ಮಾತ್ರವಲ್ಲ, ಯಾವ ಏಟು ಬಿದ್ದರೂ ಅವು ಮೆಲನಿನ್ ಸುರಿಯುತ್ತವೆ. ಸೊಳ್ಳೆ ಕಚ್ಚಿದ್ದು ಎರಡು ದಿನಕ್ಕೆ ಇಳಿಯುತ್ತದೆ, ಕಾಲಿನ ಮೇಲೆ ಕರಿ ಚುಕ್ಕೆ ಮೂರು ತಿಂಗಳು ಇರುತ್ತದೆ. ಒಗ್ಗರಣೆ ಸಿಡಿದ ಕಡೆ, ಮೊಡವೆ ಹಿಚುಕಿದ ಕಡೆ, ಚಪ್ಪಲಿ ಉಜ್ಜಿದ ಕಡೆ, ಎಲ್ಲಾ ಕಡೆ ಇದೇ ಕಥೆ. ಉರಿ ಆದಮೇಲೆ ಉಳಿಯುವ ಈ ಕಪ್ಪು ಕಲೆ ಮೇಲ್ಪದರದಲ್ಲಿ ಇದ್ದರೆ ಕಂದು ಬಣ್ಣಕ್ಕೆ ಕಾಣುತ್ತದೆ, ತಿಂಗಳುಗಳಲ್ಲಿ ಹೋಗುತ್ತದೆ. ಏಟು ಜೋರಾಗಿ, ಬಣ್ಣ ಕೆಳಗಿನ ಪದರಕ್ಕೆ ಜಾರಿಬಿಟ್ಟರೆ ಬೂದಿ ಮಿಶ್ರಿತ ನೀಲಿಯ ಹಾಗೆ ಕಾಣುತ್ತದೆ. ಅದು ವರ್ಷಗಟ್ಟಲೆ ಕೂರುತ್ತದೆ, ಯಾವ ಕ್ರೀಮೂ ಅಲ್ಲಿವರೆಗೆ ಸುಲಭಕ್ಕೆ ಮುಟ್ಟಲ್ಲ.

ನನ್ನದೇ ಒಂದು ಅನುಭವ ಹೇಳುತ್ತೇನೆ. ಆಗ ನಾನು ಮೆಡಿಕಲ್ ಓದುತ್ತಿದ್ದೆ, ಚರ್ಮದ ವಿಷಯ ಇನ್ನೂ ಶುರುವಾಗಿರಲಿಲ್ಲ. ಏಪ್ರಿಲ್ ಕೊನೆಗೆ ಅಕ್ಕನ ಮದುವೆ ಇತ್ತು. ಒಂದು ಟ್ಯೂಬಿನ ಸ್ಕ್ರಬ್ ತಂದೆ, ಒಳಗೆ ಕಂದು ಬಣ್ಣದ ಕಾಳು ಕಾಳು ಪುಡಿ. ಮದುವೆಗೆ ಮುಂಚಿನ ಹತ್ತು ದಿನ ದಿನಾ ಬೆಳಗ್ಗೆ ಕೆನ್ನೆ, ಹಣೆ, ಮೂಗು ಗಸಗಸ ತಿಕ್ಕಿದೆ. ಮೂರನೇ ದಿನದಿಂದಲೇ ಮುಖ ತೊಳೆದರೆ ಚುರುಚುರು ಅನ್ನುತ್ತಿತ್ತು. ಅದು ಕೆಲಸ ಮಾಡುತ್ತಿರುವ ಲಕ್ಷಣ ಅಂದುಕೊಂಡೆ. ಕನ್ನಡಿಯಲ್ಲಿ ಕೆಂಪು ಏನೂ ಕಾಣಲಿಲ್ಲ, ಮುಖ ಒಂಥರಾ ಹೊಳೆಯುತ್ತಿತ್ತು. ಮದುವೆ ದಿನ ಚಪ್ಪರದ ಕೆಳಗೆ, ಊಟದ ಪಂಕ್ತಿಯಲ್ಲಿ, ಬಿಸಿಲಲ್ಲಿ ಓಡಾಡಿದೆ. ಎಲ್ಲಾ ಚೆನ್ನಾಗಿಯೇ ಇತ್ತು. ಮದುವೆ ಆಗಿ ಎರಡು ವಾರಕ್ಕೆ ಎರಡೂ ಕೆನ್ನೆಯ ಮೂಳೆ ಮೇಲೆ ರೂಪಾಯಿ ಅಗಲದ ಕಪ್ಪು ಎದ್ದಿತು. ಬಿಸಿಲಿಗೆ ಆಗಿದ್ದು ಅಂದರು ಮನೆಯಲ್ಲಿ, ನಾನೂ ನಂಬಿದೆ. ಅದನ್ನು ತೆಗೆಯುವುದಕ್ಕೆ ಮತ್ತೆ ಅದೇ ಸ್ಕ್ರಬ್ ಹಿಡಿದೆ. ಪೂರ್ತಿ ಹೋಗುವುದಕ್ಕೆ ಎಂಟು ತಿಂಗಳು ಬೇಕಾಯಿತು.

ನಾನು ಹೇಳಬೇಕು ಅಂತ ಬಂದ ಮಾತು ಇದೇ. ನಮ್ಮ ಚರ್ಮ ನೋವನ್ನು ಆಗಲೇ ತೋರಿಸಲ್ಲ, ತಡವಾಗಿ ತೋರಿಸುತ್ತದೆ. ಏಟು ಬಿದ್ದಿದ್ದು ಇವತ್ತು, ಕಪ್ಪು ಕಾಣುವುದು ಒಂದೆರಡು ವಾರ ಬಿಟ್ಟು. ಅಷ್ಟರಲ್ಲಿ ನಾವು ಕಾರಣವನ್ನು ಮರೆತಿರುತ್ತೇವೆ, ಮದ್ದು ಅಂದುಕೊಂಡು ಅದೇ ಕಾರಣವನ್ನು ಮತ್ತೆ ಹಚ್ಚುತ್ತೇವೆ.

ಹೊರದೇಶದ ವಿಡಿಯೋಗಳಲ್ಲಿ "ಕೆಂಪಾದರೆ ನಿಲ್ಲಿಸಿ" ಅನ್ನುತ್ತಾರೆ. ಬಿಳಿ ಚರ್ಮಕ್ಕೆ ಅದು ಸರಿ. ಹಾರ್ವರ್ಡ್‌ನ ಥಾಮಸ್ ಫಿಟ್ಜ್‌ಪ್ಯಾಟ್ರಿಕ್ ಅನ್ನುವ ವೈದ್ಯರು 1975ರಲ್ಲಿ ಚರ್ಮವನ್ನು ಬಿಸಿಲಿಗೆ ಹೇಗೆ ಸುಡುತ್ತದೆ, ಹೇಗೆ ಕಪ್ಪಾಗುತ್ತದೆ ಅನ್ನುವುದರ ಮೇಲೆ ವಿಂಗಡಿಸಿದರು. ಇವತ್ತಿಗೂ ಬಹಳಷ್ಟು ಚರ್ಮವೈದ್ಯರು ಅದನ್ನೇ ಬಳಸುತ್ತಾರೆ. ಅವರು ಮೊದಲು ಮಾಡಿದ್ದು ಬಿಳಿ ಚರ್ಮವನ್ನು ಮನಸ್ಸಿನಲ್ಲಿ ಇಟ್ಟುಕೊಂಡು. ಕಂದು, ಕಪ್ಪು ಚರ್ಮದ 5 ಮತ್ತು 6ನೇ ಗುಂಪು ಆಮೇಲೆ ಸೇರಿದವು. ನಮ್ಮಲ್ಲಿ ಬಹಳ ಜನ 4 ಮತ್ತು 5ರಲ್ಲಿ ಬರುತ್ತೇವೆ. ನಮಗೆ ಕೆಂಪು ಕಾಣುವುದೇ ಕಮ್ಮಿ. ಹಾಗಾಗಿ ಬೇರೆ ಗುರುತು ಇಟ್ಟುಕೊಳ್ಳಿ. ಬರೀ ನೀರು ಹಾಕಿದರೂ ಚುರುಗುಟ್ಟುವುದು. ಬೆವರು ಇಳಿದ ಕಡೆ ಉರಿ. ಮುಖ ತೊಳೆದ ಮೇಲೆ ಬಿಗಿದು ಕಟ್ಟಿದ ಹಾಗೆ ಅನ್ನಿಸುವುದು. ಎಣ್ಣೆ ಇಲ್ಲದೆಯೂ ಪ್ಲಾಸ್ಟಿಕ್ ಹಾಳೆ ಥರ ಮಿಂಚುವುದು. ದಿನಾ ಹಚ್ಚುವ ಕ್ರೀಮೇ ಇದ್ದಕ್ಕಿದ್ದ ಹಾಗೆ ಉರಿಯುವುದು. ಇದರಲ್ಲಿ ಒಂದು ಕಂಡರೂ ನಿಲ್ಲಿಸಿ. ಆ ಮಿಂಚನ್ನು ಗ್ಲೋ ಅಂದುಕೊಂಡು ಮೋಸ ಹೋಗಬೇಡಿ. ನಾನು ಹೋಗಿದ್ದೇನೆ.

ಸರಿ, ಹಾಗಾದರೆ ಎಷ್ಟು ಸಲ?

ಹೊಸದಾಗಿ ಶುರು ಮಾಡುವವರು ಮೊದಲ ತಿಂಗಳು ಹತ್ತು ದಿನಕ್ಕೆ ಒಂದು ಸಲ. ಅಂದರೆ ತಿಂಗಳಿಗೆ ಮೂರೇ ಸಲ. ಏನೂ ತೊಂದರೆ ಕಾಣದಿದ್ದರೆ ಎರಡನೇ ತಿಂಗಳಿಂದ ವಾರಕ್ಕೆ ಒಂದು ಸಲ. ಬಹಳ ಜನ ಅಲ್ಲೇ ನಿಂತುಬಿಡಬಹುದು. ಎಣ್ಣೆ ಚರ್ಮ, ಬ್ಲಾಕ್‌ಹೆಡ್ ಜಾಸ್ತಿ ಇರುವವರು ವಾರಕ್ಕೆ ಎರಡಕ್ಕೆ ಹೋಗಬಹುದು, ನಡುವೆ ಎರಡು ಮೂರು ದಿನ ಬಿಡುವು ಇರಲಿ. ಅದಕ್ಕಿಂತ ಜಾಸ್ತಿ ಮನೆಯಲ್ಲಿ ಬೇಡ. ಒಣ ಚರ್ಮದವರಿಗೆ ಹದಿನೈದು ದಿನಕ್ಕೊಮ್ಮೆ ಸಾಕು, ಬೇಡ ಅನ್ನಿಸಿದರೆ ಬಿಟ್ಟೇಬಿಡಿ. ಬಂಗು ಇರುವವರು, ಇಸುಬು ಇರುವವರು, ಕೀವು ತುಂಬಿದ ಮೊಡವೆ ಇರುವವರು ತಾವಾಗಿಯೇ ಮಾಡಿಕೊಳ್ಳಬಾರದು. ಡಾಕ್ಟರಿಗೆ ತೋರಿಸಿ ಆಮೇಲೆ ನೋಡೋಣ. ಮೈಗೆ ವಾರಕ್ಕೆ ಒಂದು ಸಲ ಮೆತ್ತನೆ ಬಟ್ಟೆಯಲ್ಲಿ ಒರೆಸಿಕೊಂಡರೆ ಮುಗಿಯಿತು.

ಈ ಲೆಕ್ಕದಲ್ಲಿ ಜನ ಮರೆಯುವ ಒಂದು ವಿಷಯ ಇದೆ. ವ್ಯಾಕ್ಸಿಂಗ್ ಮಾಡಿಸಿದರೆ ಕೂದಲ ಜೊತೆ ಮೇಲಿನ ಪದರವೂ ಕಿತ್ತು ಬರುತ್ತದೆ. ಬ್ಲೀಚ್ ಅದನ್ನು ಸುಡುತ್ತದೆ. ಮುಖಕ್ಕೆ ರೇಜರ್ ಆಡಿಸಿದರೆ ಅದೂ ಕೆರೆದ ಹಾಗೇ. ರಾತ್ರಿ ರೆಟಿನಾಲ್ ಅಥವಾ ಮೊಡವೆಗೆ ಕೊಟ್ಟ ಅಡಾಪಲೀನ್ ಹಚ್ಚುತ್ತಿದ್ದರೆ ಚರ್ಮ ಆಗಲೇ ಅವಸರದಲ್ಲಿದೆ. ಇವೆಲ್ಲ ಒಂದೊಂದು ಸಲ ಅಂತಲೇ ಎಣಿಸಬೇಕು. ಸೋಮವಾರ ಪಾರ್ಲರಿನಲ್ಲಿ ಫೇಶಿಯಲ್, ಮಂಗಳವಾರ ಥ್ರೆಡ್ಡಿಂಗ್, ಬುಧವಾರ ಆಸಿಡ್ ಸೀರಂ, ಭಾನುವಾರ ಕಡಲೆಹಿಟ್ಟು ಅಂತ ಮಾಡಿ "ನಾನು ವಾರಕ್ಕೆ ಒಂದೇ ಸಲ ಸ್ಕ್ರಬ್ ಮಾಡೋದು ಮೇಡಂ" ಅನ್ನುವವರು ನನ್ನ ಮುಂದೆ ಎಷ್ಟೋ ಜನ ಕೂತಿದ್ದಾರೆ.

ಯಾವುದು ಹಚ್ಚಬೇಕು ಅಂತ ಕೇಳುತ್ತೀರಿ. ಮುಖಕ್ಕೆ ಕಾಳು ಕಾಳು ಇರುವ ಸ್ಕ್ರಬ್ ಯಾವುದೂ ಬೇಡ ಅಂತಲೇ ನನ್ನ ಮಾತು. ಕೈಯ ಒತ್ತಡ ಒಂದೊಂದು ದಿನ ಒಂದೊಂದು ಥರ ಇರುತ್ತದೆ, ಕೋಪದಲ್ಲಿ ಇದ್ದಾಗ ಜಾಸ್ತಿ ತಿಕ್ಕುತ್ತೇವೆ, ಲೆಕ್ಕ ಸಿಗಲ್ಲ. ಸಣ್ಣ ಪ್ರಮಾಣದ ಆಸಿಡ್ ಇದಕ್ಕಿಂತ ವಾಸಿ, ಹೆಸರು ಕೇಳಿ ಹೆದರಬೇಡಿ. ಲ್ಯಾಕ್ಟಿಕ್ ಆಸಿಡ್ ಮೊಸರಲ್ಲಿ ಇರುವಂಥದ್ದು. ಮ್ಯಾಂಡೆಲಿಕ್ ಆಸಿಡ್ ಮೊದಲು ಕಹಿ ಬಾದಾಮಿಯಿಂದ ಸಿಕ್ಕಿದ್ದು, ಅದರ ಅಣು ದೊಡ್ಡದು, ಹಾಗಾಗಿ ನಿಧಾನಕ್ಕೆ ಇಳಿಯುತ್ತದೆ. ನಮ್ಮ ಬಣ್ಣದವರಿಗೆ ಈ ಎರಡರಿಂದ ಶುರು ಮಾಡುವುದು ಒಳ್ಳೆಯದು. ಗ್ಲೈಕಾಲಿಕ್ ಆಸಿಡ್ ಕಬ್ಬಿನಲ್ಲಿ ಇರುತ್ತದೆ, ಇವುಗಳಲ್ಲೆಲ್ಲ ಅದರ ಅಣುವೇ ಚಿಕ್ಕದು, ಸರಕ್ಕನೆ ಒಳಗೆ ಹೋಗುತ್ತದೆ, ಹಾಗೇ ಸರಕ್ಕನೆ ಉರಿಸುತ್ತದೆ ಕೂಡ. ಸ್ಯಾಲಿಸಿಲಿಕ್ ಆಸಿಡ್ ಎಣ್ಣೆಯಲ್ಲಿ ಕರಗುವುದರಿಂದ ಮೊಡವೆ, ಬ್ಲಾಕ್‌ಹೆಡ್ ಇರುವ ಎಣ್ಣೆ ಮುಖಕ್ಕೆ ಅದು ಸರಿ, 2 ಪರ್ಸೆಂಟ್ ದಾಟಬೇಡಿ.

ಪರ್ಸೆಂಟ್ ಮಾತು ಬಂತಲ್ಲ, ಇದನ್ನು ಬರೆದಿಟ್ಟುಕೊಳ್ಳಿ. ಗ್ಲೈಕಾಲಿಕ್, ಲ್ಯಾಕ್ಟಿಕ್ ಇವುಗಳ ಗುಂಪಿಗೆ ಎಎಚ್‌ಎ ಅನ್ನುತ್ತಾರೆ. ಸೌಂದರ್ಯ ಸಾಮಗ್ರಿಗಳನ್ನು ಪರಿಶೀಲಿಸುವ ಅಮೆರಿಕದ ತಜ್ಞರ ಸಮಿತಿ 1998ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಮನೆಯಲ್ಲಿ ಬಳಸುವುದಕ್ಕೆ ಇವು 10 ಪರ್ಸೆಂಟ್ ಮೀರಬಾರದು, ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 3.5ಕ್ಕಿಂತ ಕೆಳಗೆ ಇರಬಾರದು, ಜೊತೆಗೆ ಬಿಸಿಲಿನಿಂದ ರಕ್ಷಣೆ ಇರಲೇಬೇಕು ಅಂತ ಹೇಳಿದೆ. ಅದು ಮೇಲಿನ ಗಡಿ. ನಮ್ಮ ಚರ್ಮಕ್ಕೆ, ಅದೂ ಬಳ್ಳಾರಿಯಲ್ಲಿ, 5 ಪರ್ಸೆಂಟ್ ಸುತ್ತಮುತ್ತ ಸಾಕು. ಆನ್‌ಲೈನಲ್ಲಿ 30 ಪರ್ಸೆಂಟಿನ ಕೆಂಪು ಬಾಟಲಿ ತರಿಸಿಕೊಂಡು ಹತ್ತು ನಿಮಿಷ ಹಚ್ಚಿ ಕೂರುವ ಹುಡುಗಿಯರನ್ನು ನೋಡಿದರೆ ನನಗೆ ಎದೆ ಝಲ್ ಅನ್ನುತ್ತದೆ. ಅದು ಕ್ಲಿನಿಕ್ಕಿನಲ್ಲಿ ಗಡಿಯಾರ ಹಿಡಿದು ಮಾಡುವ ಕೆಲಸ.

ಯಾವುದೇ ಹೊಸದನ್ನು ಮೊದಲು ದವಡೆಯ ಕೆಳಗೆ, ಕಿವಿಯ ಹತ್ತಿರ ಚಿಕ್ಕ ಜಾಗದಲ್ಲಿ ಹಚ್ಚಿ. ಬಾಕ್ಸ್ ಮೇಲೆ 24 ಗಂಟೆ ಕಾಯಿರಿ ಅಂತ ಇರುತ್ತದೆ. ಅಲರ್ಜಿ ತಿಳಿಯುವುದಕ್ಕೆ ಅದು ಒಂದು ಮಟ್ಟಕ್ಕೆ ಆಯಿತು. ಕಪ್ಪಾಗುತ್ತದಾ ಅಂತ ತಿಳಿಯುವುದಕ್ಕೆ ಎರಡು ವಾರ ಬೇಕು. ಎರಡು ವಾರದಲ್ಲಿ ಅದೇ ಜಾಗಕ್ಕೆ ಎರಡು ಮೂರು ಸಲ ಹಚ್ಚಿ ನೋಡಿ, ಬಣ್ಣ ಬದಲಾಗದಿದ್ದರೆ ಮಾತ್ರ ಮುಖಕ್ಕೆ. ಒಂದು ಸಲಕ್ಕೆ ಒಂದೇ ಹೊಸದು. ಎರಡು ಒಟ್ಟಿಗೆ ಶುರು ಮಾಡಿದರೆ ಯಾವುದರಿಂದ ಆಯಿತು ಅಂತ ಗೊತ್ತಾಗಲ್ಲ.

ಈಗ ಬಿಸಿಲಿಗೆ ಬರೋಣ. ಹೊರಗೆ ನೋಡಿ, ಮಾರ್ಚಿನಲ್ಲೇ ಹೀಗಿದೆ.

ಎಎಚ್‌ಎ ಹಚ್ಚಿದ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಅಮೆರಿಕದಲ್ಲಿ ಔಷಧಿ, ಸೌಂದರ್ಯ ಸಾಮಗ್ರಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಎಫ್‌ಡಿಎ 2005ರಲ್ಲಿ ಇದನ್ನು ಬಾಟಲಿಯ ಮೇಲೆ ಬರೆಯಿರಿ ಅಂತ ಕಂಪನಿಗಳಿಗೆ ಸಲಹೆ ಕೊಟ್ಟಿತು. ಹಚ್ಚುವಷ್ಟು ದಿನ, ನಿಲ್ಲಿಸಿದ ಮೇಲೂ ಒಂದು ವಾರ ಸನ್‌ಸ್ಕ್ರೀನ್ ಬೇಕು ಅನ್ನುವುದು ಅದರ ಸಾರ. ಅಂದರೆ ಶನಿವಾರ ರಾತ್ರಿ ಹಚ್ಚಿ, ಭಾನುವಾರ ಮನೆಯಲ್ಲೇ ಇದ್ದೆ, ಸೋಮವಾರದಿಂದ ಸನ್‌ಸ್ಕ್ರೀನ್ ಬೇಡ ಅನ್ನುವ ಲೆಕ್ಕ ನಡೆಯಲ್ಲ. ವಾರಕ್ಕೊಮ್ಮೆ ಹಚ್ಚುವವರಿಗೆ ಏಳೂ ದಿನ ಸನ್‌ಸ್ಕ್ರೀನ್ ಬೇಕು. ಎಸ್‌ಪಿಎಫ್ 30 ಅಥವಾ ಜಾಸ್ತಿ, ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೂ ಎರಡು ಗೆರೆ ಎಳೆದಷ್ಟು ಮುಖ ಕತ್ತಿಗೆ, ಬಿಸಿಲಲ್ಲಿ ಇದ್ದರೆ ಎರಡು ಗಂಟೆಗೊಮ್ಮೆ ಮತ್ತೆ. ಇಷ್ಟು ಮಾಡುವುದಕ್ಕೆ ಆಗಲ್ಲ, ದುಡ್ಡೂ ಜಾಸ್ತಿ ಆಗುತ್ತದೆ ಅನ್ನುವವರಿಗೆ ನಾನು ನೇರವಾಗಿ ಹೇಳುತ್ತೇನೆ: ಹಾಗಾದರೆ ಆಸಿಡ್ಡೂ ಬೇಡ. ಸನ್‌ಸ್ಕ್ರೀನಿಗೆ ಇರುವ ದುಡ್ಡು ಮೊದಲು, ಉಳಿದರೆ ಸೀರಂ. ಹೊಲದಲ್ಲಿ, ಗಾರೆ ಕೆಲಸದಲ್ಲಿ, ಗಾಡಿ ಮೇಲೆ ದಿನವಿಡೀ ಇರುವವರಿಗೆ ಸೆರಗು, ಟೋಪಿ, ತುಂಬು ತೋಳು ಯಾವ ಸೀರಂಗಿಂತಲೂ ಒಳ್ಳೆಯದು.

ಇನ್ನೊಂದು ವಿಷಯ ನಮ್ಮ ಬಣ್ಣದವರು ತಿಳಿದಿರಬೇಕು. 2010ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಚರ್ಮದ ಮೇಲೆ ಕಣ್ಣಿಗೆ ಕಾಣುವ ಬೆಳಕನ್ನು ಮಾತ್ರ ಬೀಳಿಸಿ ನೋಡಿದರು, ಬಿಸಿಲಲ್ಲಿ ಇರುವ, ಕಣ್ಣಿಗೆ ಕಾಣದ ಯುವಿ ಕಿರಣ ಬಹುತೇಕ ಇರಲಿಲ್ಲ. ಬಿಳಿ ಚರ್ಮ ಕಪ್ಪಾಗಲಿಲ್ಲ, ನಮ್ಮಂಥ ಚರ್ಮ ಕಪ್ಪಾಯಿತು, ಆ ಕಪ್ಪು ಬೇಗ ಹೋಗಲೂ ಇಲ್ಲ. ಸಾಮಾನ್ಯ ಸನ್‌ಸ್ಕ್ರೀನ್ ಈ ಬೆಳಕನ್ನು ಅಷ್ಟಾಗಿ ತಡೆಯಲ್ಲ. ಕಬ್ಬಿಣದ ಆಕ್ಸೈಡ್ ಸೇರಿಸಿದ, ಮೈಬಣ್ಣದ ಸನ್‌ಸ್ಕ್ರೀನ್ ತಡೆಯುತ್ತದೆ. ಬಂಗು, ಹಳೇ ಕಲೆ ಇರುವವರು ಅದನ್ನೇ ತಗೊಳ್ಳಿ.

ಊರಿಂದ ಊರಿಗೆ ಲೆಕ್ಕ ಬದಲಾಗುತ್ತದೆ. ನಮ್ಮ ಬಳ್ಳಾರಿ, ರಾಯಚೂರು, ಕಲಬುರಗಿ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ನಾನು ಹೇಳಿದ ಸಲಗಳನ್ನು ಅರ್ಧ ಮಾಡಿ. ವಾರಕ್ಕೊಮ್ಮೆ ಇದ್ದದ್ದು ಹದಿನೈದು ದಿನಕ್ಕೊಮ್ಮೆ. ದಿನವಿಡೀ ಹೊರಗೆ ಇರುವವರು ಮಳೆ ಬೀಳುವವರೆಗೆ ನಿಲ್ಲಿಸಿಬಿಡಿ. ಮಂಗಳೂರು, ಕಾರವಾರದ ಕಡೆ ಬೆವರು ಆರುವುದೇ ಇಲ್ಲ, ಅಲ್ಲಿ ಜನ ಅಂಟು ಅಂಟು ಅಂತ ದಿನಕ್ಕೆ ಎರಡು ಸಲ ಸ್ಕ್ರಬ್ ಮಾಡುತ್ತಾರೆ. ಅಂಟು ಹೋಗುವುದಕ್ಕೆ ನೀರು, ಮೆತ್ತನೆ ಫೇಸ್‌ವಾಶ್ ಸಾಕು. ಬೆವರುಸಾಲೆ ಎದ್ದಿದ್ದರಂತೂ ತಿಕ್ಕಲೇಬೇಡಿ, ಬೆವರಿನ ನಾಳ ಕಟ್ಟಿಕೊಂಡಿರುವ ಜಾಗ ಅದು, ತಿಕ್ಕಿದರೆ ಗಾಯ ಆಗುತ್ತದೆ. ತಣ್ಣೀರು, ಸಡಿಲ ಹತ್ತಿ ಬಟ್ಟೆ, ಗಾಳಿ, ಇಷ್ಟೇ ಮದ್ದು. ಬೆಂಗಳೂರಿನವರು ನಮ್ಮಲ್ಲಿ ತಂಪು ಅಂತ ಸನ್‌ಸ್ಕ್ರೀನ್ ಬಿಡುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಎತ್ತರ ಏರಿದಂತೆ ಯುವಿ ಜಾಸ್ತಿ, 1000 ಮೀಟರಿಗೆ ಸುಮಾರು 10 ಪರ್ಸೆಂಟ್. ತಂಪು ಗಾಳಿಗೂ ಯುವಿಗೂ ಸಂಬಂಧ ಇಲ್ಲ. ಚಳಿಗಾಲದಲ್ಲಿ ನಮ್ಮ ಕಡೆ ಒಣಗಾಳಿ ಬೀಸಿ ಮೈ ಬಿಳಿಚಿಕೊಂಡು, ಉಗುರಲ್ಲಿ ಗೆರೆ ಎಳೆದರೆ ಬರೆದ ಹಾಗೆ ಕಾಣುತ್ತದಲ್ಲ, ಅದನ್ನು ಸತ್ತ ಚರ್ಮ ಅಂತ ತಿಕ್ಕುತ್ತಾರೆ. ಅದಕ್ಕೆ ಬೇಕಾಗಿರುವುದು ಎಣ್ಣೆ.

ಎಣ್ಣೆ ಅಂದ ಮೇಲೆ ನಮ್ಮ ಅಭ್ಯಂಜನದ ಮಾತು. ಯುಗಾದಿಗೆ, ದೀಪಾವಳಿಗೆ ಅಜ್ಜಿ ಎಣ್ಣೆ ಹಚ್ಚಿ, ನೆನೆಯಲು ಬಿಟ್ಟು, ಆಮೇಲೆ ಸೀಗೆಪುಡಿ, ಕಡಲೆಹಿಟ್ಟು ಹಾಕಿ ಸ್ನಾನ ಮಾಡಿಸುತ್ತಿದ್ದರು. ಅದರಲ್ಲಿ ಒಂದು ಜಾಣತನ ಇದೆ. ಎಣ್ಣೆ ಮೊದಲು ಇಳಿದು ಚರ್ಮ ಮೆತ್ತಗಾಗಿರುತ್ತದೆ, ಹಿಟ್ಟು ಎಣ್ಣೆಯನ್ನು ಹೀರಿಕೊಂಡು ಜಾರುತ್ತದೆ, ಉಜ್ಜಾಟ ಕಮ್ಮಿ. ಅದೂ ಹಬ್ಬಕ್ಕೆ, ಹೆಚ್ಚೆಂದರೆ ವಾರಕ್ಕೆ ಒಂದು ಸಲ. ಅದನ್ನೇ ಎಣ್ಣೆ ಇಲ್ಲದೆ, ಒಣ ಕಡಲೆಹಿಟ್ಟನ್ನು ದಿನಾ ಮುಖಕ್ಕೆ ಮೆತ್ತಿ, ಪೂರ್ತಿ ಒಣಗಿಸಿ, ಬಿರುಸಾಗಿ ಉಜ್ಜಿ ತೆಗೆದರೆ ಅದು ಬೇರೆಯೇ ಕೆಲಸ. ಹಿಟ್ಟು ಹಸಿ ಇರುವಾಗಲೇ ನೀರು ಹಾಕಿ ತೊಳೆಯಿರಿ. ಹೆಸರುಹಿಟ್ಟು ಇನ್ನೂ ಮೆತ್ತಗೆ. ಮೊಸರು ಪರವಾಗಿಲ್ಲ. ಸಕ್ಕರೆ, ಕಾಫಿಪುಡಿ, ರವೆ ಮುಖಕ್ಕೆ ಬೇಡ, ಅವುಗಳ ಅಂಚು ಚೂಪು. ನಿಂಬೆರಸ ಅಂತೂ ಮುಖದ ಹತ್ತಿರ ತರಬೇಡಿ. ಅದರ ಪಿಎಚ್ 2ರಿಂದ 2.5, ನಾನು ಆಗಲೇ ಹೇಳಿದ 3.5ರ ಗಡಿಗಿಂತ ಎಷ್ಟೋ ಕೆಳಗೆ. ಮೇಲೆ ನಿಂಬೆ ಜಾತಿಯ ಕೆಲವು ಹಣ್ಣುಗಳ ರಸ ಅಂಟಿದ ಚರ್ಮಕ್ಕೆ ಬಿಸಿಲು ಬಿದ್ದರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಇಳಿದ ಕಡೆ ರಸ ಹರಿದ ಆಕಾರದಲ್ಲೇ ಕಪ್ಪು ಉಳಿಯುತ್ತದೆ. ಮದುವೆ ಮನೆಯಲ್ಲಿ ಬುಟ್ಟಿಗಟ್ಟಲೆ ನಿಂಬೆ ಹಿಂಡಿ ಬಿಸಿಲಿಗೆ ಹೋದವರ ಕೈ ಮೇಲೆ ಆ ಗುರುತು ನೋಡಿದ್ದೇನೆ.

ಇನ್ನು ಸ್ನಾನದ ಮನೆಯ ನೈಲಾನ್ ಜಾಲರಿ. ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಇದೆ ಅಂತ ಕೇಳಿದಾಗ ಇಲ್ಲಿ ಅರ್ಧಕ್ಕಿಂತ ಜಾಸ್ತಿ ಕೈ ಮೇಲೆ ಬಂದವು. ಇವತ್ತು ಮನೆಗೆ ಹೋಗಿ ಕನ್ನಡಿಯಲ್ಲಿ ಬೆನ್ನಿನ ಮೇಲ್ಭಾಗ, ತೋಳಿನ ಹೊರಭಾಗ, ಮೊಣಕಾಲ ಕೆಳಗಿನ ಮೂಳೆಯ ಮೇಲೆ, ಕೊರಳ ಮೂಳೆಯ ಮೇಲೆ ನೋಡಿಕೊಳ್ಳಿ. ನದಿ ಇಳಿದ ಮೇಲೆ ಮರಳಿನ ಮೇಲೆ ಉಳಿಯುವ ಸಣ್ಣ ಸಣ್ಣ ಅಲೆಯ ಹಾಗೆ ಬೂದುಗಪ್ಪು ಗೆರೆ ಕಾಣುತ್ತಿದೆಯಾ? ಮೂಳೆ ಉಬ್ಬಿದ ಕಡೆಯೇ ಜಾಸ್ತಿ ಯಾಕೆ ಅಂದರೆ ಅಲ್ಲಿ ಜಾಲರಿಗೂ ಮೂಳೆಗೂ ನಡುವೆ ಚರ್ಮ ಸಿಕ್ಕಿ ಅರೆಯುತ್ತದೆ. ವರ್ಷಗಟ್ಟಲೆ ಉಜ್ಜಿದರೆ ಮೇಲಿನ ಕಣಗಳು ಹಾಳಾಗಿ, ಅವುಗಳ ಚೂರು ಕೆಳಗಿನ ಪದರಕ್ಕೆ ಬಿದ್ದು ಅಲ್ಲೇ ಗಟ್ಟಿಯಾಗಿ ಕೂರುತ್ತವೆ. ಮ್ಯಾಕ್ಯುಲರ್ ಅಮೈಲಾಯ್ಡೋಸಿಸ್ ಅಂತ ಅದರ ಹೆಸರು. ನೈಲಾನ್ ಟವೆಲಿನಿಂದ ಹೀಗಾಗುತ್ತದೆ ಅಂತ ಜಪಾನಿನ ವೈದ್ಯರು 1980ರ ದಶಕದಲ್ಲೇ ಬರೆದಿದ್ದರು. ಕೆಲವರಿಗೆ ಇದು ಮನೆತನದಲ್ಲೇ ಬರುತ್ತದೆ, ಎಲ್ಲರಿಗೂ ಉಜ್ಜುವುದರಿಂದಲೇ ಅಂತ ಅಲ್ಲ. ಆದರೆ ಯಾರಿಗೇ ಬಂದರೂ ಮೊದಲ ಚಿಕಿತ್ಸೆ ಒಂದೇ, ಜಾಲರಿ ಬಿಡುವುದು. ಒಣ ಹೀರೆಕಾಯಿ ನಾರೂ ಅಷ್ಟೇ, ಗಿಡದಿಂದ ಬಂದದ್ದು ಅಂತ ಮೆತ್ತಗೆ ಆಗಲ್ಲ. ಅಂಗೈ ಸಾಕು. ಬೆನ್ನಿಗೆ ಹಳೇ ಹತ್ತಿ ಪಂಚೆಯ ತುಂಡು.

ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವು:

"ಆಗಲೇ ಜಾಸ್ತಿ ಮಾಡಿಬಿಟ್ಟಿದ್ದೇನೆ, ಈಗ ಏನು ಮಾಡಲಿ?" ಅಂತ ಒಬ್ಬ ಹುಡುಗಿ ಕೇಳಿದಳು. ಎಲ್ಲಾ ನಿಲ್ಲಿಸಮ್ಮ. ಸ್ಕ್ರಬ್, ಸೀರಂ, ವಿಟಮಿನ್ ಸಿ, ರೆಟಿನಾಲ್, ಬ್ಲೀಚ್, ಎಲ್ಲಾ. ಮೆತ್ತನೆ ಫೇಸ್‌ವಾಶ್, ವಾಸನೆ ಇಲ್ಲದ ಮಾಯಿಶ್ಚರೈಸರ್, ಸನ್‌ಸ್ಕ್ರೀನ್, ಈ ಮೂರೇ, ಕಮ್ಮಿ ಅಂದರೂ ನಾಲ್ಕು ವಾರ. ನಾಲ್ಕು ವಾರ ಯಾಕೆ ಅಂದರೆ ಬುಡದಿಂದ ಹೊಸ ಕಣ ಮೇಲೆ ಬರುವುದಕ್ಕೆ ಅಷ್ಟು ದಿನ ಬೇಕು. ನೀರು ಒಸರುತ್ತಿದ್ದರೆ, ಬೊಬ್ಬೆ ಇದ್ದರೆ ಕಾಯಬೇಡ, ಡಾಕ್ಟರಿಗೆ ತೋರಿಸು.

"ತೋಳಿನ ಮೇಲೆ ಕೋಳಿ ಚರ್ಮದ ಹಾಗೆ ಗುಳ್ಳೆ ಗುಳ್ಳೆ ಇದೆ, ಎಷ್ಟು ತಿಕ್ಕಿದರೂ ಹೋಗಲ್ಲ." ಕೂದಲಿನ ಬುಡದಲ್ಲಿ ಕಟ್ಟಿಕೊಳ್ಳುವ ಗುಳ್ಳೆ ಅವು, ಮನೆಯಲ್ಲಿ ಅಮ್ಮನಿಗೋ ಅಕ್ಕನಿಗೋ ಇರುತ್ತದೆ, ರೋಗ ಅಲ್ಲ. ತಿಕ್ಕಿದರೆ ಪ್ರತಿ ಗುಳ್ಳೆಯ ಸುತ್ತ ಕಪ್ಪು ಚುಕ್ಕೆ. ಯೂರಿಯಾ ಅಥವಾ ಲ್ಯಾಕ್ಟಿಕ್ ಆಸಿಡ್ ಇರುವ ಲೋಶನ್ ಸ್ನಾನ ಆದ ತಕ್ಷಣ ಹಚ್ಚಿ.

"ಸ್ಕ್ರಬ್ ಮಾಡಿದರೆ ಬೆಳ್ಳಗಾಗುತ್ತೇವಾ?" ಇಲ್ಲ. ಹುಟ್ಟುಬಣ್ಣ ಬುಡದಲ್ಲಿ ತಯಾರಾಗುತ್ತದೆ, ಮೇಲೆ ಎಷ್ಟು ತೆಗೆದರೂ ಕೆಳಗಿಂದ ಅದೇ ಬರುತ್ತದೆ. ಅದು ಬದಲಾಗಬೇಕಾಗಿಯೂ ಇಲ್ಲ. ಹೀಗೆ ಕೇಳಿದ ಹುಡುಗಿ ಮದುವೆ ಮಾತುಕತೆಯಲ್ಲಿ ಯಾರೋ ಏನೋ ಅಂದಿದ್ದನ್ನು ಮನಸ್ಸಿಗೆ ಹಚ್ಚಿಕೊಂಡಿದ್ದಳು. ಮೆಡಿಕಲ್ ಶಾಪಿನಲ್ಲಿ ಕೇಳಿ ಒಂದು ಟ್ಯೂಬ್ ತಂದು ಆರು ತಿಂಗಳಿಂದ ಹಚ್ಚುತ್ತಿದ್ದಳಂತೆ. ಹಾಗೆ ಸಿಗುವ ಎಷ್ಟೋ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇರುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದೆ, ಅಂದರೆ ಡಾಕ್ಟರ ಚೀಟಿ ಇಲ್ಲದೆ ಕೊಡಬಾರದು. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ಸಣ್ಣ ರಕ್ತನಾಳ ಕಾಣುತ್ತದೆ, ಮೊಡವೆ ಏಳುತ್ತದೆ, ನಿಲ್ಲಿಸಿದರೆ ಉರಿಯುತ್ತದೆ. ಅಂಥ ಚರ್ಮಕ್ಕೆ ಸ್ಕ್ರಬ್ ಒಂದು ಸಲವೂ ಬೇಡ. ಟ್ಯೂಬ್ ತಗೊಂಡು ಕ್ಲಿನಿಕ್ಕಿಗೆ ಬಾ ಅಂತ ಹೇಳಿದ್ದೇನೆ, ಒಮ್ಮೆಲೇ ನಿಲ್ಲಿಸುವುದೂ ಕಷ್ಟ, ನೋಡಿಕೊಂಡು ನಿಲ್ಲಿಸಬೇಕು.

ಕೊನೆಗೆ ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಮ್ಮ ಎದ್ದು, "ಮುಖಕ್ಕೆ ಬ್ಯಾಡ, ಮೈಗೆ ಬ್ಯಾಡ ಅಂದ್ರಿ. ಹಿಮ್ಮಡಿಗಾದ್ರೂ ಕಲ್ಲು ಹಾಕಿ ತಿಕ್ಕಬೌದೇನ್ರಿ?" ಅಂದರು. ಹಿಮ್ಮಡಿಗೆ ಧಾರಾಳವಾಗಿ. ಅಂಗಾಲಿನ ಚರ್ಮ ಬೇರೆ ಕಡೆಗಿಂತ ಎಷ್ಟೋ ದಪ್ಪ, ಬಣ್ಣವೂ ಕಮ್ಮಿ, ಅಲ್ಲಿ ಕಪ್ಪಾಗುವ ಭಯ ಕಮ್ಮಿ. ಹತ್ತು ನಿಮಿಷ ಉಗುರು ಬೆಚ್ಚಗಿನ ನೀರಲ್ಲಿ ಕಾಲಿಟ್ಟು, ವಾರಕ್ಕೆ ಎರಡು ಸಲ ಮೆಲ್ಲಗೆ ತಿಕ್ಕಿ, ಒರೆಸಿ, ಕೊಬ್ಬರಿ ಎಣ್ಣೆಯೋ ವ್ಯಾಸಲಿನ್ನೋ ಹಚ್ಚಿ ಹತ್ತಿ ಸಾಕ್ಸ್ ಹಾಕಿಕೊಂಡು ಮಲಗಿ. ಶುಗರ್ ಇದೆಯಾ ಅಂತ ಕೇಳಿದೆ. ಇದೆ ಅಂದರು, ಎಂಟು ವರ್ಷದಿಂದ. ಹಾಗಾದರೆ ಕಲ್ಲು ಬೇಡಮ್ಮ, ಕಾಲು ಜೋಮು ಹಿಡಿದಿದ್ದರೆ ಗಾಯ ಆಗಿದ್ದೇ ಗೊತ್ತಾಗಲ್ಲ. ಎಣ್ಣೆ ಮಾತ್ರ ಹಚ್ಚಿ, ದಿನಾ ರಾತ್ರಿ ಮೊಮ್ಮಗಳ ಕೈಯಲ್ಲಿ ಅಂಗಾಲು ನೋಡಿಸಿಕೊಳ್ಳಿ ಅಂದೆ.